ಕಾಲ್ಚೆಂಡಿನ ಕೂಲಿ: ವೃತ್ತಿಪರ ಆಟಗಾರನ ಬದುಕು ನಮಗೆ ಕಲಿಸುವ ಪಾಠ

(ಬೈಲಹೊಂಗಲದಲ್ಲಿ ಯುವಕರು ಮತ್ತು ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಮೊಹಲ್ಲಾದ ಸಭೆಯಲ್ಲಿ ಫುಟ್ಬಾಲಿನ ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ನಮಾಝ್, ಶಿಕ್ಷಣ, ವರದಕ್ಷಿಣೆ, ಸಾಲ ಮುಂತಾದ ವಿಷಯಗಳಿರುವಾಗ ಚೆಂಡಿನ ಮಾತೇಕೆ ಎಂದು ಹಿರಿಯರು ಕೇಳಬಹುದು. ನಮ್ಮ ಉತ್ತರ ಇಷ್ಟೇ. ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವ ಮನೆಗೆ ಹೋದರೂ ಹದಿಹರೆಯದ ಹುಡುಗನ ಮನಸ್ಸಿನಲ್ಲಿ ಆಟಗಾರನೊಬ್ಬ ಮನೆ ಮಾಡಿರುತ್ತಾನೆ. ಅವನ ಹೆಸರುಳ್ಳ ಜರ್ಸಿ ಮೈಮೇಲೆ, ಅವನ ಚಿತ್ರ ಮೊಬೈಲಿನಲ್ಲಿ. ಮಗನ ಮನಸ್ಸಿನಲ್ಲಿ ಯಾರಿದ್ದಾರೆಂಬುದನ್ನು ಅರಿಯದ ತಂದೆ ಅವನಿಗೆ ಯಾವ ಉಪದೇಶ ನೀಡಿದರೂ ಅದು ಗೋಡೆಗೆ ಹೇಳಿದಂತೆಯೇ ಸರಿ.

ಈ ವಿಷಯದಲ್ಲಿ ನಮ್ಮ ಪಾಲಕರು ಎರಡು ಗುಂಪಾಗಿದ್ದಾರೆ. ಆಟವೆಂದರೆ ಕಾಲಹರಣ, ಅದು ಉಡಾಳರ ಕೆಲಸ ಎನ್ನುವವರದು ಒಂದು ಗುಂಪು. ಮಗ ಚೆನ್ನಾಗಿ ಆಡುತ್ತಾನೆ, ಶಾಲೆ ಬಿಟ್ಟರೂ ಚಿಂತೆಯಿಲ್ಲ, ನಾಳೆ ಕೋಟಿ ಕೋಟಿ ಗಳಿಸುತ್ತಾನೆ ಎಂದು ಕನಸು ಕಾಣುವವರದು ಇನ್ನೊಂದು. ಮೇಲುನೋಟಕ್ಕೆ ಇವರಿಬ್ಬರೂ ಪರಸ್ಪರ ವಿರೋಧಿಗಳು. ಆದರೆ ಇಬ್ಬರೂ ಮಾಡುವ ತಪ್ಪು ಒಂದೇ. ಆಟಗಾರನೂ ಬೆವರು ಸುರಿಸಿ ಅನ್ನ ಗಳಿಸುವ ಒಬ್ಬ ದುಡಿಮೆಗಾರ ಎಂಬುದನ್ನು ಇಬ್ಬರೂ ಕಾಣುತ್ತಿಲ್ಲ. ಮೊದಲನೆಯವನು ಅವನನ್ನು ಸೋಮಾರಿ ಎಂದು ಭಾವಿಸಿದರೆ ಎರಡನೆಯವನು ಅವನನ್ನು ಬಾದಶಹನೆಂದು ಭಾವಿಸಿದ್ದಾನೆ.

ಇಸ್ಲಾಮ್ ಆಟವನ್ನು ದ್ವೇಷಿಸುವ ಧರ್ಮವಲ್ಲ. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಪತ್ನಿ ಆಇಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ ವರದಿ ಹದೀಸ್ ಗ್ರಂಥಗಳಲ್ಲಿದೆ. ರುಕಾನ ಎಂಬ ಪೈಲ್ವಾನನೊಂದಿಗೆ ಅವರು ಕುಸ್ತಿ ಹಿಡಿದ ಪ್ರಸಂಗವೂ ಇದೆ. ನಾವು ಮದ್ರಸದಲ್ಲಿ ಕಲಿಯುತ್ತಿದ್ದ ದಿನಗಳಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ಚೆಂಡಿನದಾಗಿತ್ತು. ಬೆಳಿಗ್ಗೆ ಅರಬಿ ವ್ಯಾಕರಣದಲ್ಲಿ ತಡವರಿಸಿದ ಹುಡುಗ ಸಂಜೆಯ ಮೈದಾನದಲ್ಲಿ ತಲೆಯೆತ್ತಿ ನಿಲ್ಲುತ್ತಿದ್ದುದನ್ನು ನಾವು ಕಂಡಿದ್ದೇವೆ. ಆದ್ದರಿಂದ ಆಟ ಬೇಕೋ ಬೇಡವೋ ಎಂಬುದು ಇಂದಿನ ನಮ್ಮ ಪ್ರಶ್ನೆಯಲ್ಲ. ಆಟವನ್ನೇ ಕಸುಬಾಗಿಸಿಕೊಂಡವನ ಬದುಕು ಹೇಗಿರುತ್ತದೆ ಎಂಬುದು ನಮ್ಮ ಪ್ರಶ್ನೆ.

ಮಿತ್ರರೇ, ನಮ್ಮ ಅಜ್ಜಂದಿರ ಕಾಲದ ನದಾಫರನ್ನು ನೆನಪಿಸಿಕೊಳ್ಳಿ. ಹತ್ತಿಗೆ ಹೆಸರಾದ ಈ ಸೀಮೆಯಲ್ಲಿ ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿ ಗಾದಿ ತುಂಬಿಕೊಡುತ್ತಿದ್ದವರು ಅವರು. ಇಂದು ಈ ಊರು, ನಾಳೆ ಆ ಊರು. ಗಾದಿ ಮನೆಯವರದು, ಬಿಲ್ಲು ಮತ್ತು ಬೆವರು ಮಾತ್ರ ನದಾಫನದು. ವೃತ್ತಿಪರ ಆಟಗಾರರಲ್ಲಿ ಹೆಚ್ಚಿನ ಮಂದಿ ಇಂತಹ ಅಲೆಮಾರಿ ಕಸುಬುದಾರರೇ. ಅವರು ಮೆಸ್ಸಿಯೂ ಅಲ್ಲ, ರೊನಾಲ್ಡೋ ಕೂಡ ಅಲ್ಲ. ಎರಡು ವರ್ಷ ಈ ಕ್ಲಬ್ಬಿಗೆ, ಒಂದು ವರ್ಷ ಆ ಕ್ಲಬ್ಬಿಗೆ ದುಡಿಯುತ್ತಾರೆ. ಜರ್ಸಿ ಕ್ಲಬ್ಬಿನದು, ಗೋಲು ಪತ್ರಿಕೆಯದು, ನೋಯುವ ಮೊಣಕಾಲು ಮಾತ್ರ ಅವರದು.

ಅಂತಹ ಒಬ್ಬರನ್ನು ನಿಮಗೆ ಪರಿಚಯಿಸಲು ಬಯಸುತ್ತೇವೆ. ಕನ್ನಡ ಮತ್ತು ಮಲಯಾಳ ಎರಡೂ ಉಸಿರಾಡುವ ಗಡಿನಾಡು ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲಿ ತೃಕ್ಕರಿಪುರ ಎಂಬ ಊರಿದೆ. 1982ರಲ್ಲಿ ಜನಿಸಿದ ಮುಹಮ್ಮದ್ ರಫಿ ಆ ಊರಿನವರು. ಎತ್ತರದ ಆಳು, ತಲೆಯಿಂದ ಚೆಂಡನ್ನು ಗೋಲಿಗೆ ಹೊಡೆಯುವುದರಲ್ಲಿ ನಿಪುಣರು. ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರಿನ ತಂಡದಲ್ಲಿ ಆಡಿದರು. ಅಲ್ಲಿಂದ ಮುಂಬಯಿಯ ಮಹೀಂದ್ರ ಯುನೈಟೆಡ್ ಸೇರಿದರು. 2009-10ರ ಐ-ಲೀಗ್‌ನಲ್ಲಿ 14 ಗೋಲು ಬಾರಿಸಿದರು. ವಿದೇಶೀ ಆಟಗಾರರದೇ ಪ್ರಾಬಲ್ಯವಿದ್ದ ಆ ಪಂದ್ಯಾವಳಿಯಲ್ಲಿ ಭಾರತೀಯನೊಬ್ಬನಿಗೆ ಅದು ಸಣ್ಣ ಸಾಧನೆಯಲ್ಲ. ಭಾರತ ತಂಡದ ಜರ್ಸಿಯನ್ನೂ ಅವರು ತೊಟ್ಟರು.

ಸರಿ, ಅಂತಹ ವರ್ಷದ ಕೊನೆಯಲ್ಲಿ ಅವರಿಗೆ ದೊರೆತದ್ದೇನು? 2010ರಲ್ಲಿ ಮಹೀಂದ್ರ ಕಂಪೆನಿ ತನ್ನ ತಂಡವನ್ನೇ ಮುಚ್ಚಿತು. 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿದ್ದ ತಂಡವದು. ಬದುಕಿನ ಅತ್ಯುತ್ತಮ ಋತುವನ್ನು ಆಡಿ ಮುಗಿಸಿದ ಆಟಗಾರ ಮರುದಿನ ಹೊಸ ಧಣಿಯನ್ನು ಹುಡುಕಬೇಕಾಯಿತು. ರಫಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಹೋದರು. ನಮ್ಮ ತಾಲೂಕುಗಳ ಹುಡುಗರು ಚೋರ್ಲಾ ಘಾಟಿನ ಬಸ್ಸು ಹತ್ತಿ ದುಡಿಯಲು ಹೋಗುವ ಅದೇ ಗೋವಾಕ್ಕೆ! ಬಳಿಕ ಮುಂಬೈ ಎಫ್‌ಸಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಅಟ್ಲೆಟಿಕೊ ಡಿ ಕೋಲ್ಕತಾ. 2015 ಮತ್ತು 2016ರಲ್ಲಿ ಕೇರಳ ಬ್ಲಾಸ್ಟರ್ಸ್. 2017-18ರಲ್ಲಿ ಚೆನ್ನೈಯಿನ್. 2019ರಲ್ಲಿ ಮರಳಿ ಬ್ಲಾಸ್ಟರ್ಸ್.

2014ರ ಡಿಸೆಂಬರ್ 20ರಂದು ನಡೆದ ಮೊದಲ ಸೂಪರ್ ಲೀಗ್ ಫೈನಲಿನಲ್ಲಿ ಕೋಲ್ಕತಾ ತಂಡ ಕೊನೆಯ ಗಳಿಗೆಯ ಗೋಲಿನಿಂದ ಗೆದ್ದಿತು. ಗೋಲು ಬಾರಿಸಿದವರು ಬಂಗಾಳದ ಮುಹಮ್ಮದ್ ರಫೀಕ್. ಅದೇ ತಂಡದಲ್ಲಿ ನಮ್ಮ ಕಾಸರಗೋಡಿನ ರಫಿಯೂ ಇದ್ದರು. ಹೆಸರುಗಳ ಸಾಮ್ಯದಿಂದಾಗಿ ಇವರ ಗೋಲನ್ನು ಅವರಿಗೆ, ಅವರದನ್ನು ಇವರಿಗೆ ಹಚ್ಚುವುದು ಸುಲಭ. ಎರಡು ವರ್ಷಗಳ ಬಳಿಕ, 2016ರ ಡಿಸೆಂಬರ್ 18ರಂದು ಕೊಚ್ಚಿಯ ಫೈನಲಿನಲ್ಲಿ ರಫಿ ಅದೇ ಕೋಲ್ಕತಾದ ವಿರುದ್ಧ, ತವರಿನ ಬ್ಲಾಸ್ಟರ್ಸ್ ಪರವಾಗಿ, ತಲೆಯಿಂದ ಗೋಲು ಹೊಡೆದರು. ಕ್ರೀಡಾಂಗಣ ಹುಚ್ಚೆದ್ದಿತು. ಆದರೆ ಕೋಲ್ಕತಾ ಸಮಬಲ ಸಾಧಿಸಿ ಪೆನಾಲ್ಟಿಯಲ್ಲಿ ಗೆದ್ದಿತು. 2018ರ ಮಾರ್ಚ್ 17ರಂದು ಬೆಂಗಳೂರಿನಲ್ಲಿ ಚೆನ್ನೈಯಿನ್ ತಂಡ ಪ್ರಶಸ್ತಿ ಗೆದ್ದಾಗ ರಫಿ ಆ ತಂಡದ ಸದಸ್ಯರಾಗಿದ್ದರು. ಆಗ ಅವರ ವಯಸ್ಸು 35. ಅಂದರೆ ತಾನು ಗೋಲು ಹೊಡೆದ ಫೈನಲಿನಲ್ಲಿ ಸೋಲು, ಇತರರು ಗೋಲು ಹೊಡೆದ ಫೈನಲುಗಳಲ್ಲಿ ಗೆಲುವು. ಅಲ್ಲಾಹನು ಕೆಲವರ ಪಾಲನ್ನು ಹೀಗೆಯೇ ಹಂಚುತ್ತಾನೆ. ಅದಕ್ಕಾಗಿ ಅವರು ಆಟ ಬಿಡಲಿಲ್ಲ. ಮರು ಋತುವಿಗೆ ಮತ್ತೆ ಬೂಟು ಕಟ್ಟಿದರು.

ಈಗ ಇನ್ನೊಂದು ಲೆಕ್ಕ ಹಾಕೋಣ. ರಫಿ ದುಡಿದ ಸಂಸ್ಥೆಗಳ ಗತಿ ಏನಾಯಿತು? ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮಹೀಂದ್ರ 2010ರಲ್ಲಿ ಮುಚ್ಚಿತು. ಮುಂಬೈ ಎಫ್‌ಸಿ 2017ರಲ್ಲಿ ಇಲ್ಲವಾಯಿತು. ಕೋಲ್ಕತಾದ ಆ ತಂಡ 2020ರಲ್ಲಿ ಮೋಹನ್ ಬಗಾನ್‌ನೊಂದಿಗೆ ಸೇರಿಹೋಯಿತು. ಒಬ್ಬ ಆಟಗಾರನ ಕಾಲು ತಾಳಿದಷ್ಟು ಕಾಲ ಅವನ ಧಣಿಗಳು ತಾಳಲಿಲ್ಲ! ಆಟಗಾರರು ನಿಷ್ಠೆಯಿಲ್ಲದವರು, ಹಣಕ್ಕಾಗಿ ತಂಡ ಬದಲಿಸುವವರು ಎಂದು ನಾವು ಕಟ್ಟೆಯ ಮೇಲೆ ಕುಳಿತು ದೂರುತ್ತೇವೆ. ತಂಡವೇ ಆಟಗಾರನನ್ನು ಬಿಟ್ಟುಹೋದರೆ ಅವನು ನಿಷ್ಠೆಯನ್ನು ಯಾರ ಬಾಗಿಲಿಗೆ ಕಟ್ಟಬೇಕು?

ಹಿಂದೆ ಹೀಗಿರಲಿಲ್ಲವೇ ಎಂದು ಹಿರಿಯರು ಕೇಳಬಹುದು. ನಮ್ಮ ರಾಜ್ಯದ ಇತಿಹಾಸವನ್ನೇ ನೋಡೋಣ. ಮುಂಬಯಿಯ ರೋವರ್ಸ್ ಕಪ್ ಬ್ರಿಟಿಷ್ ಸೈನಿಕ ತಂಡಗಳ ಸೊತ್ತಿನಂತಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದಿತು. ಆ ಪರಂಪರೆಯಲ್ಲಿ ಬೆಳೆದವರು 1926ರಲ್ಲಿ ಜನಿಸಿದ ಬೆಂಗಳೂರಿನ ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಿನಲ್ಲಿ ಆಡಿದ ಭಾರತ ತಂಡದಲ್ಲಿ ಅವರಿದ್ದರು. ಫ್ರಾನ್ಸ್ ವಿರುದ್ಧದ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಒಂದೇ ತಂಡದ ಎರಡು ಕಾಲುಗಳಂತೆ ರಾಮನ್ ಮತ್ತು ಅಹ್ಮದ್! ಮನುಷ್ಯರನ್ನು ಹೆಸರು ನೋಡಿ ವಿಂಗಡಿಸುವ ರಾಜಕೀಯ ಇಂದು ತಲೆಯೆತ್ತಿರುವಾಗ ಈ ಚಿತ್ರವನ್ನು ನಮ್ಮ ಮಕ್ಕಳಿಗೆ ತೋರಿಸಬೇಕು. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅಹ್ಮದ್ ಖಾನ್ ಇದ್ದರು. ಸುಮಾರು ಹತ್ತು ವರ್ಷ ಒಂದೇ ಈಸ್ಟ್ ಬೆಂಗಾಲ್ ತಂಡಕ್ಕೆ ಆಡಿದರು. 2017ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ಆ ಕಾಲದಲ್ಲಿ ಆಟ ಹೆಸರಿಗೆ ಹವ್ಯಾಸವಾಗಿತ್ತು. ಮುಂದೆ ಬ್ಯಾಂಕು, ರೈಲ್ವೆ, ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಕಾರ್ಖಾನೆಗಳು ಆಟಗಾರನಿಗೆ ಕೆಲಸ ಕೊಟ್ಟವು. ಸಂಬಳ ಸಣ್ಣದು, ಆದರೆ ಆಟ ನಿಂತ ಮೇಲೂ ಬರುತ್ತಿತ್ತು.

ಬಳಿಕ ವೃತ್ತಿಪರ ಯುಗ ಬಂತು. ಅದರ ಮುಖವಾಗಿ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಅವರನ್ನು ನೆನೆಯಬಹುದು. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಝೌರಾ ವಿರುದ್ಧ ಮೂರು ಗೋಲು ಬಾರಿಸಿದರು. ಪಂಜಾಬಿನ ಜೆಸಿಟಿ ಸೇರಿ 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಅಲ್ಲಿಂದ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ಭಾರತದ ನಾಯಕರೂ ಆಗಿದ್ದರು. ಜೆಸಿಟಿ 2011ರಲ್ಲಿ ತಂಡ ಮುಚ್ಚಿತು. ಎಫ್‌ಸಿ ಕೊಚ್ಚಿನ್ ಅದಕ್ಕೂ ಮೊದಲೇ ಅಳಿದಿತ್ತು. ಆಟ ಬಿಟ್ಟ ಬಳಿಕವೂ ಚಾಪ್ಮನ್‌ರ ತಿರುಗಾಟ ನಿಲ್ಲಲಿಲ್ಲ. ತರಬೇತುದಾರರಾಗಿ ಜಮ್ಷೆಡ್‌ಪುರದ ಟಾಟಾ ಅಕಾಡೆಮಿ, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ಎಂದು ಊರೂರು ಅಲೆದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 49 ಸಾಯುವ ವಯಸ್ಸಲ್ಲ.

ಇದು ಭಾರತದ ಕಥೆ ಮಾತ್ರವೆಂದು ಭಾವಿಸಬೇಡಿ. ಆಟಗಾರರ ಜಾಗತಿಕ ಸಂಘವಾದ ಫಿಫ್‌ಪ್ರೊ 2016ರಲ್ಲಿ ಸುಮಾರು 14,000 ವೃತ್ತಿಪರ ಆಟಗಾರರನ್ನು ಪ್ರಶ್ನಿಸಿ ವರದಿಯೊಂದನ್ನು ಪ್ರಕಟಿಸಿತು. ಅವರಲ್ಲಿ ಶೇ. 41 ಮಂದಿಗೆ ಹಿಂದಿನ ಎರಡು ಋತುಗಳಲ್ಲಿ ಸಂಬಳ ತಡವಾಗಿ ಸಿಕ್ಕಿತ್ತು. ಶೇ. 45 ಮಂದಿಯ ತಿಂಗಳ ಗಳಿಕೆ ಸಾವಿರ ಡಾಲರಿಗಿಂತ ಕಡಿಮೆ. ಒಪ್ಪಂದದ ಸರಾಸರಿ ಅವಧಿ ಎರಡು ವರ್ಷಕ್ಕೂ ಕಡಿಮೆ. ಟಿವಿಯಲ್ಲಿ ಮಿನುಗುವ ಹತ್ತಿಪ್ಪತ್ತು ಮುಖಗಳ ಹಿಂದೆ ಇಷ್ಟು ದೊಡ್ಡ ಕತ್ತಲೆಯಿದೆ.

ಆ ಕತ್ತಲೆ 2025ರಲ್ಲಿ ನಮ್ಮ ಅಂಗಳಕ್ಕೇ ಬಂತು. ಫುಟ್ಬಾಲ್ ಫೆಡರೇಶನ್ ಮತ್ತು ಲೀಗ್ ನಡೆಸುತ್ತಿದ್ದ ಸಂಸ್ಥೆಯ ನಡುವಿನ ಒಪ್ಪಂದದ ನವೀಕರಣ ಕಗ್ಗಂಟಾಗಿ ಜುಲೈಯಲ್ಲಿ ಸೂಪರ್ ಲೀಗ್ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಇತರ ಕೆಲವು ಕ್ಲಬ್ಬುಗಳೂ ಅದೇ ದಾರಿ ಹಿಡಿದವು. ಸಾಮಾನ್ಯವಾಗಿ ಸೆಪ್ಟೆಂಬರ್ ವೇಳೆಗೆ ಆರಂಭವಾಗುವ ಪಂದ್ಯಾವಳಿ ಆ ವರ್ಷದ ಕೊನೆಯವರೆಗೂ ಆರಂಭವಾಗಲಿಲ್ಲ. ದೊಡ್ಡವರ ಕಾಗದಗಳ ಜಗಳದಲ್ಲಿ ಆಟಗಾರನ ಮನೆಯ ಬಾಡಿಗೆ, ಮಕ್ಕಳ ಫೀಸು ಯಾರ ಲೆಕ್ಕಕ್ಕೂ ಬರಲಿಲ್ಲ.

ಈ ಕಸುಬಿನಲ್ಲಿ ನ್ಯಾಯ ಯಾವಾಗಲೂ ಸಣ್ಣವರ ಹಟದಿಂದಲೇ ಬಂದಿದೆ. ಬೆಲ್ಜಿಯಮ್ಮಿನ ಜೀನ್ ಮಾರ್ಕ್ ಬೋಸ್ಮನ್ ಎಂಬ ಸಾಧಾರಣ ಆಟಗಾರನ ಒಪ್ಪಂದ 1990ರಲ್ಲಿ ಮುಗಿದರೂ ಕ್ಲಬ್ಬು ಅವನನ್ನು ಬೇರೆಡೆ ಹೋಗಗೊಡಲಿಲ್ಲ. ಅವನು ನ್ಯಾಯಾಲಯದ ಮೆಟ್ಟಿಲೇರಿದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪಿತ್ತಿತು. ಒಪ್ಪಂದ ಮುಗಿದ ಆಟಗಾರ ಸ್ವತಂತ್ರನೆಂಬ ಆ ತೀರ್ಪಿನಿಂದ ಸಾವಿರಾರು ಆಟಗಾರರು ಶ್ರೀಮಂತರಾದರು. ಬೋಸ್ಮನ್ ಮಾತ್ರ ಕಷ್ಟದಲ್ಲಿಯೇ ಬದುಕಿದ. ನೆರಳಿಗಾಗಿ ಮರ ನೆಟ್ಟವನು ಬಿಸಿಲಿನಲ್ಲೇ ಉಳಿದ.

ಮಿತ್ರರೇ, ಇಲ್ಲಿಯವರೆಗೆ ಪರರ ಮಾತಾಯಿತು. ಈಗ ನಮ್ಮ ಮಾತಿಗೆ ಬರೋಣ. ಕ್ಲಬ್ಬುಗಳು ಸಂಬಳ ನಿಲ್ಲಿಸಿದವು ಎಂದಾಗ ನಿಮ್ಮ ಮುಖದಲ್ಲಿ ಸಿಟ್ಟು ಕಂಡೆವು. ಆ ಸಿಟ್ಟು ನ್ಯಾಯಯುತ. ಆದರೆ ಅದನ್ನು ಮನೆಗೂ ಒಯ್ಯಬೇಕೆಂದು ಕೇಳಿಕೊಳ್ಳುತ್ತೇವೆ. ನಮ್ಮ ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗನಿಗೆ ತಿಂಗಳ ಪಗಾರ ಯಾವ ತಾರೀಖಿಗೆ ಕೊಡುತ್ತೇವೆ? ರಾಮದುರ್ಗದ ಕಡೆ ಮಗ್ಗದ ಮುಂದೆ ಕುಳಿತವನ ಲೆಕ್ಕವನ್ನು ಯಾರು ಬರೆದಿಡುತ್ತಾರೆ?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇವೆ, ಬೇಸರಿಸಬೇಡಿ. ನಮ್ಮ ಮೊಹಲ್ಲಾಗಳಲ್ಲಿಯೇ ಒಬ್ಬ ಅಲೆಮಾರಿ ದುಡಿಮೆಗಾರರಿದ್ದಾರೆ. ಅವರು ನಮ್ಮ ಇಮಾಮ್ ಸಾಹೇಬರು, ನಮ್ಮ ಮೌಝಿನ್ ಸಾಹೇಬರು. ಎರಡು ವರ್ಷ ಈ ಮಸೀದಿ, ಒಂದು ವರ್ಷ ಆ ಮಸೀದಿ. ಬರವಣಿಗೆಯ ಒಪ್ಪಂದವಿಲ್ಲ, ರಜೆಯಿಲ್ಲ, ಮುಪ್ಪಿಗೆ ಆಸರೆಯಿಲ್ಲ. ಕಮಿಟಿ ಬದಲಾದರೆ ಇಮಾಮರೂ ಬದಲು. ನಮ್ಮೊಂದಿಗೆ ಮದ್ರಸದಲ್ಲಿ ಕಲಿತ ಗೆಳೆಯರೊಬ್ಬರಿಗೆ ಒಂದು ಊರಿನಲ್ಲಿ ಮೂರು ತಿಂಗಳ ವೇತನ ಬಾಕಿಯಿತ್ತು. ಕೇಳಿದಾಗ, ಅಲ್ಲಾಹನ ಕೆಲಸ ಮಾಡುವವರು ಹಣ ಕೇಳಬಾರದೆಂಬ ಉಪದೇಶ ಸಿಕ್ಕಿತು. ದುಡಿದವನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದನ್ನು ಅದೇ ಇಮಾಮರ ಬಾಯಿಂದ ಜುಮಾ ಖುತ್ಬಾದಲ್ಲಿ ಕೇಳಿ ತಲೆದೂಗಿದವರೇ ಈ ಉಪದೇಶ ಕೊಟ್ಟವರು! ಸಾಲದ ವ್ಯವಹಾರವನ್ನು ಬರೆದಿಡಬೇಕೆಂದೂ ಮಾಡಿದ ಕರಾರುಗಳನ್ನು ಪಾಲಿಸಬೇಕೆಂದೂ ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಬೆಂಗಳೂರಿನ ಕ್ಲಬ್ಬಿಗೆ ನಾವು ವಿಧಿಸುವ ನ್ಯಾಯ ಬೈಲಹೊಂಗಲದ ಜಮಾಅತಿಗೂ ಅನ್ವಯಿಸಬೇಡವೇ?

ಇನ್ನು ಪಾಲಕರಿಗೆ ಕೆಲವು ಮಾತು. ಮಗನಲ್ಲಿ ಆಟದ ಪ್ರತಿಭೆಯಿದ್ದರೆ ಅದನ್ನು ಚಿವುಟಬೇಡಿ. ಆದರೆ ಅದಕ್ಕಾಗಿ ಅವನ ಶಾಲೆಯನ್ನೂ ಬಲಿಗೊಡಬೇಡಿ. ಆಟದ ಆಯುಷ್ಯ ಹದಿನೈದು ವರ್ಷವೆಂದರೆ ಹೆಚ್ಚಾಯಿತು. ಓದು, ಕಸುಬು, ಉಳಿತಾಯ ಉಳಿದ ನಲವತ್ತು ವರ್ಷಗಳ ಬುತ್ತಿ. ಯಾವುದೇ ಅಕಾಡೆಮಿ, ಯಾವುದೇ ಏಜೆಂಟ್ ಬಂದು ಕಾಗದ ಮುಂದಿಟ್ಟರೆ ಬಲ್ಲವರಿಂದ ಓದಿಸದೆ ಸಹಿ ಹಾಕಬೇಡಿ. ಮುಂಗಡ ಹಣ ಕೇಳಿದರೆ ಎರಡು ಸಲ ಯೋಚಿಸಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿವೆ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾಪಟುಗಳ ನೇಮಕಾತಿಯಿದೆ. ಇವುಗಳ ಅರ್ಜಿ ಯಾವಾಗ ಕರೆಯುತ್ತಾರೆಂಬುದನ್ನು ತಿಳಿಸಲು ಪ್ರತಿ ಮೊಹಲ್ಲಾದಲ್ಲಿ ಓದಿದ ಇಬ್ಬರು ಯುವಕರು ಮುಂದೆ ಬಂದರೆ ಸಾಕು.

ಹೆಣ್ಣುಮಕ್ಕಳನ್ನು ಮರೆಯಬೇಡಿ. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಚೆನ್ನಮ್ಮನ ಸಮಾಧಿ ಇರುವ ಊರಿನಲ್ಲಿ ನಾವು ನಿಂತಿದ್ದೇವೆ. ಅವರ ಹೆಸರಿನಲ್ಲಿ ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ 1969ರಿಂದ ನಡೆಯುತ್ತಿದೆ. ಗೌರವ, ಮರ್ಯಾದೆಗಳಿಗೆ ಧಕ್ಕೆಯಾಗದಂತೆ ನಮ್ಮ ಹುಡುಗಿಯರಿಗೂ ಓಡಲು, ಆಡಲು ಜಾಗ ಮಾಡಿಕೊಡುವುದು ಸಮುದಾಯದ ಹೊಣೆ. ಆರೋಗ್ಯ ಗಂಡುಮಕ್ಕಳಿಗೆ ಮಾತ್ರ ಕೊಡಲ್ಪಟ್ಟ ಅನುಗ್ರಹವಲ್ಲ.

ಯುವಕರೇ, ನಿಮಗೆ ಒಂದೇ ಎಚ್ಚರಿಕೆ. ಆಟಗಾರನ ಬೆವರಿನ ಮೇಲೆ ಪಣ ಕಟ್ಟುವವರ ಸಾಲಿನಲ್ಲಿ ನಿಲ್ಲಬೇಡಿ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನು ಈಗ ಹೇಳಿದ್ದನ್ನು ನಮ್ಮ ದೀನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಜೂಜಿನ ಹೆಸರಿನಲ್ಲಿ ನಿಷಿದ್ಧಗೊಳಿಸಿದೆ. ಆದರೂ ಕಳ್ಳದಾರಿಗಳು ತೆರೆದಿವೆ. ತಂದೆ ದಿನವಿಡೀ ಗಾಡಿಯಲ್ಲಿ ಹಣ್ಣು ಮಾರಿ ತಂದ ಹಣವನ್ನು ಮಗ ಒಂದು ಗೋಲಿನ ಮೇಲೆ ಕಳೆಯುವುದು ಆಟದ ಅಭಿಮಾನವಲ್ಲ, ಅದು ತಂದೆಗೆ ಬಗೆದ ದ್ರೋಹ.

ಕೊನೆಯದಾಗಿ, ಮುಹಮ್ಮದ್ ರಫಿಯ ಬದುಕಿನಿಂದ ನಾವು ಕಲಿಯಬೇಕಾದುದು ಗೋಲಿನ ಲೆಕ್ಕವಲ್ಲ. ತಂಡ ಮುಚ್ಚಿದಾಗ ಎದೆಗುಂದದೆ, ಗೆದ್ದಾಗ ಮೈಮರೆಯದೆ, ಇನ್ನೊಬ್ಬನಿಗೆ ಹೆಸರು ಬಂದಾಗ ಕರುಬದೆ, ಮರುದಿನ ಬೆಳಿಗ್ಗೆ ಎದ್ದು ತನ್ನ ಕೆಲಸಕ್ಕೆ ಹೋಗುವ ಗುಣವನ್ನು ಕಲಿಯಬೇಕು. ನಾಳೆ ನಮ್ಮ ಊರಿನ ಒಬ್ಬ ಹುಡುಗ ಚೆಂಡು ಹಿಡಿದು ಹೊರಟರೆ ಹಾರ ಹಾಕುವ ಮೊದಲು ಅವನ ಕಾಗದ ನೋಡೋಣ. ಮತ್ತು ಇಂದು ಸಂಜೆ ಮನೆಗೆ ಹೋಗುವ ಮೊದಲು ನಮ್ಮ ಅಂಗಡಿಯ ಹುಡುಗನ, ನಮ್ಮ ಮಸೀದಿಯ ಇಮಾಮರ ಬಾಕಿ ಏನಾದರೂ ಉಳಿದಿದೆಯೇ ಎಂದು ಕೇಳಿಕೊಳ್ಳೋಣ. ಉಳಿದಿದ್ದರೆ ಇಂದೇ ಸಂದಾಯ ಮಾಡೋಣ.

ದುಡಿಮೆಯನ್ನು ಗೌರವಿಸುವ, ದುಡಿದವನ ಹಕ್ಕನ್ನು ಕೊಡುವ ಸಮುದಾಯವಾಗಿ ಬಾಳಲು ಅಲ್ಲಾಹನು ನಮ್ಮೆಲ್ಲರಿಗೂ ತೌಫೀಕ್ ನೀಡಲಿ. ಆಮೀನ್.